ಮೂರು ಸಲ ಬಡಿಸಿಕೊಂಡವರಿಗೆ

ಮ್ಯಾನೇಜರ್ ಸಾಹೇಬರಿಗೆ, ನಿಮ್ಮ ಗಾರ್ಮೆಂಟ್ಸಿನ ಕಾಜಾ-ಗುಂಡಿ ವಿಭಾಗದವಳ ನಮಸ್ಕಾರ.

ಭಾನುವಾರ ನಮ್ಮತ್ತೆಯ ಆರೋಗ್ಯ ವಿಚಾರಿಸಲು ಬಂದ ನೀವು ಊಟಕ್ಕೂ ಕೂತಿರಿ. ಮಾರುಕಟ್ಟೆಯವರು ಕಿತ್ತೆಸೆದ ಹೂಕೋಸಿನ ಎಲೆಗಳನ್ನು ಆರಿಸಿ ತಂದು, ಹಿಡಿ ಬೇಳೆಯ ಜೊತೆ ಬೇಯಿಸಿ, ಒಂದೇ ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗೆ ಹುರಿದು ಹಾಕಿದ್ದೆ. ಮೂರು ಸಲ ಬಡಿಸಿಕೊಂಡು ಬೆರಳು ಚೀಪಿದಿರಿ. "ಏನಮ್ಮಾ ನಿನ್ನ ಕೈರುಚಿ!" ಎಂದಿರಿ. ನಾನೂ ಹಿಗ್ಗಿದೆ.

ಮರುದಿನ ಸಂಬಳ ಹೆಚ್ಚಿಸಿ ಎಂದು ಕೇಳಿದ ಹೆಂಗಸರಿಗೆ ನನ್ನತ್ತ ಬೆರಳು ಮಾಡಿ, "ಇವಳ್ನ ನೋಡಿ ಕಲೀರಿ. ಇದೇ ಸಂಬಳದಲ್ಲಿ ಎಂಥಾ ಭರ್ಜರಿ ಊಟ ಮಾಡ್ತಾಳೆ! ನಿಮಗೇನು ದಾಡಿ?" ಎಂದಿರಿ. ಅಂದಿನಿಂದ ನಾನು ಬೆಳ್ಳುಳ್ಳಿ ಹುರಿದಿಲ್ಲ.

ಭಾನುವಾರ ನೀವು ಎದ್ದು ಹೋದ ಮೇಲೆ ಅತ್ತೆ ಪಾತ್ರೆಯ ತಳ ಕೆರೆದು, "ಹೋಗ್ಲಿ ಬಿಡೇ, ದೊಡ್ಡೋರು ಹೊಟ್ಟೆ ತುಂಬಾ ಉಂಡ್ರಲ್ಲ" ಎಂದು ನೀರು ಕುಡಿದು ಮಲಗಿದರು. ಅದು ನಿಮಗೆ ಗೊತ್ತಿಲ್ಲ. ಹೆಂಗಸರಿಗೆ ನಾನೇ ಹೇಳಿದೆ.

ಕೆಳಗೆ ಮೂವತ್ತೊಂದು ಜನರ ಸಹಿಯಿದೆ. ಸಂಬಳದ ಮಾತು ಇತ್ಯರ್ಥವಾಗುವ ತನಕ ಒಬ್ಬರೂ ಮಿಷಿನ್ ಮುಟ್ಟುವುದಿಲ್ಲ. ನೀವು ದಯವಿಟ್ಟು ನಮ್ಮ ಮನೆಯ ಹೊಸ್ತಿಲು ತುಳಿಯಬೇಡಿ.

ಇಂತಿ,
ಮೊದಲ ಸಹಿ ಹಾಕಿದವಳು