ಬರ್ತೇನೆ ಎಂದವನಿಗೆ

ಬನ್ನಂಜೆ, ಉಡುಪಿ
೧೭ ಮಾರ್ಚ್ ೧೯೮೩, ಗುರುವಾರ
ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷ ಉಂಟು

ತಮ್ಮ ಭುಜಂಗನಿಗೆ,

ಕಿರಿಯರಿಗೆ ಕಾಗದ ಬರೆಯುವಾಗ ಮೊದಲಿಗೆ ಆಶೀರ್ವಾದ ಎಂದು ಹಾಕುವುದು ನಮ್ಮ ಕ್ರಮ. ಇವತ್ತು ಆ ಶಬ್ದ ಬರೆಯಲು ಕೈ ಏಳಲಿಲ್ಲ. ನಾನು ಕ್ಷೇಮ. ನಿನ್ನ ಕ್ಷೇಮದ ವಿಷಯ ಇನ್ನು ಸ್ವಲ್ಪ ಹೊತ್ತಿನಲ್ಲಿ ತೀರ್ಮಾನವಾಗುತ್ತದೆ.

ಈಗ ನೀನು ಒಗೆದ ಅಂಗಿ ಹಾಕಿಕೊಂಡು ಕೋರ್ಟಿನ ಅಂಗಳದಲ್ಲಿ ನಿಂತಿರುತ್ತೀ. ನಿನ್ನ ಹೆಂಡತಿಯೂ ಬಂದಿರಬಹುದು. ಹನ್ನೊಂದು ಗಂಟೆಗೆ ನಿನ್ನ ಕೇಸು. ಕಾಪುವಿನ ಪೇಟೆಯಲ್ಲಿ ನಿನ್ನ ರಿಕ್ಷಾ ಒಬ್ಬ ಸೈಕಲಿನ ಮುದುಕನಿಗೆ ಹೊಡೆದು ಅವನ ಸೊಂಟ ಮುರಿಯಿತು ಎಂದು ಪೊಲೀಸರು ಬರೆದುಕೊಂಡಿದ್ದಾರೆ. ಹಾಗೆ ಆದದ್ದಲ್ಲ. ಅದು ಗೊತ್ತಿರುವುದು ಇಬ್ಬರಿಗೆ ಮಾತ್ರ. ಒಬ್ಬ ನೀನು. ಇನ್ನೊಬ್ಬಳು ಮಲ್ಲಿಗೆಯ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದ ನಾನು. ಬಸ್ಸಿಗೆ ದಾರಿ ಬಿಡಲೆಂದು ನೀನು ರಿಕ್ಷಾವನ್ನು ಬದಿಗೆ ಹಾಕಿ ನಿಲ್ಲಿಸಿದ್ದೆ. ರಿಕ್ಷಾ ನಿಂತೇ ಇತ್ತು. ಮುದುಕ ಓಣಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಬಂದು ತಾನೇ ಗುದ್ದಿದ. ಇದನ್ನು ನಾನು ಕಣ್ಣಾರೆ ಕಂಡವಳು. ಜಡ್ಜರ ಎದುರು ಇಷ್ಟು ಹೇಳಿದರೆ ನಿನ್ನ ಲೈಸೆನ್ಸ್ ಉಳಿಯುತ್ತದೆ.

ಆದರೆ ನಾನು ಮನೆಯಲ್ಲಿ ಕೂತು ಈ ಕಾಗದ ಬರೆಯುತ್ತಿದ್ದೇನೆ. ನಾನು ಬರುವುದಿಲ್ಲ, ಭುಜಂಗ.

ಯಾಕೆ ಎಂದು ನಿನಗೆ ಗೊತ್ತಾಗಬೇಕು. ಇಲ್ಲದಿದ್ದರೆ ಪಾಪ, ಕುಶಲಕ್ಕನಿಗೆ ಜ್ವರ ಬಂತೋ ಏನೋ, ಕೋರ್ಟು ಎಂದರೆ ಹೆದರಿದಳೋ ಏನೋ ಎಂದುಕೊಂಡು ನೀನು ನನ್ನನ್ನು ಕ್ಷಮಿಸಿಬಿಡುತ್ತೀ. ಅಂಥ ಸ್ವಭಾವದವನು ನೀನು. ನಿನ್ನ ಕ್ಷಮೆ ನನಗೆ ಬೇಡ.

ನಾನು ಎಂಟನೇ ಕ್ಲಾಸಿನವರೆಗೆ ಓದಿದ್ದೇನೆ. ದಿನಕ್ಕೆ ನಾಲ್ಕು ಸಾಲು ಬರೆದಿಡುವ ಅಭ್ಯಾಸ ಉಂಟು. ಮೊದಲು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಿದ್ದೆ, ಈಗ ಮಗಳ ಲೆಕ್ಕದ ನೋಟ್ ಪುಸ್ತಕದಲ್ಲಿ ಉಳಿದ ಹಾಳೆಗಳಲ್ಲಿ ಬರೆಯುತ್ತೇನೆ. ೧೯೭೯ನೇ ಇಸವಿ ಏಪ್ರಿಲ್ ಹನ್ನೊಂದು, ಬುಧವಾರದ ಕೆಳಗೆ ನಾಲ್ಕು ಸಾಲು ಇಲ್ಲ. ‘ಚಂಪಾ ಹೋದಳು. ರಿಕ್ಷಾ ಬರಲಿಲ್ಲ’ ಎಂದು ಮಾತ್ರ ಉಂಟು.

ಚಂಪಾ ನನ್ನ ಒಬ್ಬಳೇ ಮಗಳು. ಹದಿನೇಳು ವರ್ಷ. ಅವಳ ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿ ಇದ್ದವರು ಅಲ್ಲಿಯೇ ತೀರಿಕೊಂಡ ಮೇಲೆ ನಾವಿಬ್ಬರೇ ಅಂಬಲಪಾಡಿಯಲ್ಲಿ ಇದ್ದೆವು. ಅವಳಿಗೆ ಸಣ್ಣದಿರುವಾಗಿನಿಂದ ದಮ್ಮು. ಪರೀಕ್ಷೆ ಮುಗಿಸಿ ಕಾರ್ಕಳದಲ್ಲಿ ನನ್ನ ಅಕ್ಕನ ಮನೆಗೆ ಹೋಗಿದ್ದಳು. ಆ ದಿನ ಮಧ್ಯಾಹ್ನ ಬಸ್ಸಿನಲ್ಲಿ ಬಂದು ಉಡುಪಿಯಲ್ಲಿ ಇಳಿದು, ಉಸಿರು ಸಾಲದೆ, ನಡೆಯಲು ಆಗದೆ ಒಂದು ರಿಕ್ಷಾ ಹತ್ತಿದಳು. ಅದು ನಿನ್ನದು. ಅವಳನ್ನು ಕೈ ಹಿಡಿದು ಇಳಿಸಿದವನು ನೀನೇ. ಅವಳ ಚೀಲವನ್ನು ಜಗಲಿಯವರೆಗೆ ತಂದು ಇಟ್ಟವನೂ ನೀನೇ. ಅದನ್ನು ನಾನು ಮರೆತಿಲ್ಲ.

ಅವಳ ಎದೆಯ ಶಬ್ದ ಗೇಟಿನವರೆಗೆ ಕೇಳುತ್ತಿತ್ತು. ಇವಳನ್ನು ಮಣಿಪಾಲಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದೀತು ಮಾರಾಯ, ಬಟ್ಟೆ ಬದಲಾಯಿಸಿ ಮದ್ದಿನ ಚೀಟಿ ಹುಡುಕಿಕೊಳ್ಳಲು ಐದು ನಿಮಿಷ ಬೇಕು ಎಂದು ನಾನು ನಿನಗೆ ಹೇಳಿದೆ. ನೀನು ಬಗ್ಗಿ ರಿಕ್ಷಾ ಸ್ಟಾರ್ಟ್ ಮಾಡುವ ಲಿವರು ಎಳೆಯುತ್ತಿದ್ದೆ. ಎಂಜಿನಿನ ಶಬ್ದದಲ್ಲಿ ನನ್ನ ಮಾತು ನಿನಗೆ ಎಷ್ಟು ಕೇಳಿತೋ ನನಗೆ ಗೊತ್ತಿಲ್ಲ. ತಲೆ ಎತ್ತಿ, “ಆಯ್ತು ಅಕ್ಕ, ಬರ್ತೇನೆ” ಎಂದೆ. ನಮ್ಮ ಮಾತು ತುಳು, ನೀನು ಹೇಳಿದ್ದು ‘ಬರ್ಪೆ’ ಎಂದು. ಬರೆಯುವಾಗ ನನಗೆ ಕನ್ನಡವೇ ಬರುವುದು. ಎರಡಕ್ಕೂ ಅರ್ಥ ಒಂದೇ.

ನಾವು ಕಾದೆವು. ಅವಳಿಗೆ ಒಗೆದ ದಾವಣಿ ಉಡಿಸಿ ಜಗಲಿಯ ಕಂಬಕ್ಕೆ ಒರಗಿಸಿ ಕೂರಿಸಿದೆ. ಚೀಟಿ ಸಿಕ್ಕಿತು. ಬಾಗಿಲಿಗೆ ಬೀಗ ಹಾಕಿ ಕೀ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎರಡು ಸಲ ಓಣಿಯ ತುದಿಗೆ ಓಡಿ ನೋಡಿ ಬಂದೆ. ಅವಳನ್ನು ಒಬ್ಬಳನ್ನೇ ಬಿಟ್ಟು ರಸ್ತೆಯವರೆಗೆ ಹೋಗಲು ಧೈರ್ಯ ಸಾಲಲಿಲ್ಲ. ಅವಳೇ ನನಗೆ ಸಮಾಧಾನ ಹೇಳಿದಳು. “ಬರ್ತೇನೆ ಅಂದಿದ್ದಾರಲ್ಲ ಅಮ್ಮ, ಬರ್ತಾರೆ. ನೀನು ಕೂತುಕೋ” ಎಂದಳು. ಒಂದೊಂದು ಶಬ್ದದ ನಡುವೆ ಒಂದೊಂದು ಉಸಿರು ಎಳೆದು ಅಷ್ಟು ಹೇಳಿದಳು. ಆಮೇಲೆ ಅವಳ ತುಟಿ ನೀಲಿಯಾಯಿತು. ತರಕಾರಿ ಮಾರುವ ಹೆಂಗಸೊಬ್ಬಳು ನೋಡಿ ಓಡಿಹೋಗಿ ಯಾವುದೋ ಮಲ್ಪೆಯ ರಿಕ್ಷಾ ಕರೆದುಕೊಂಡು ಬಂದಳು. ಇಂದ್ರಾಳಿ ದಾಟಿ ಏರು ಹತ್ತುವಾಗ ಚಂಪಾ ನನ್ನ ಮಡಿಲಲ್ಲಿ ಹೋದಳು. ಇಪ್ಪತ್ತು ನಿಮಿಷ ಮೊದಲು ತಂದಿದ್ದರೆ ಎಂದು ಡಾಕ್ಟರು ಮಾತು ಅರ್ಧಕ್ಕೆ ನಿಲ್ಲಿಸಿದರು. ನಾನು ಗೇಟಿನಲ್ಲಿ ಕಾದದ್ದು ಒಂದು ಗಂಟೆ.

ಆ ಮನೆ ಬಿಟ್ಟು ಬನ್ನಂಜೆಗೆ ಬಂದೆ. ಶಂಕರಪುರದಿಂದ ಬಸ್ಸಿನಲ್ಲಿ ಬರುವ ಮಲ್ಲಿಗೆಯನ್ನು ಮದುವೆಯ ಮನೆಗಳಿಗೆ ಮುಟ್ಟಿಸುವ ಕೆಲಸ ಹಿಡಿದೆ. ಮೊದಲ ವರ್ಷವೇ ಸ್ಟ್ಯಾಂಡಿನಲ್ಲಿ ನಿನ್ನ ರಿಕ್ಷಾ ಕಂಡೆ. ಆ ದಿನ ಓಣಿಯಲ್ಲಿ ಕಂಡದ್ದೇ, ಬೆನ್ನಿಗೆ ಕೆಂಪು ಅಕ್ಷರದಲ್ಲಿ ಜನಾರ್ದನ ಪ್ರಸಾದ ಎಂದು ಬರೆದದ್ದು, ಕೊನೆಯ ಅಕ್ಷರ ಅರ್ಧ ಅಳಿಸಿಹೋದದ್ದು. ನಿನಗೆ ನನ್ನ ಗುರುತು ಸಿಗಲಿಲ್ಲ. ದಿನಕ್ಕೆ ನೂರು ಜನರನ್ನು ಇಳಿಸುವವನಿಗೆ ಒಂದು ಗೇಟು, ಒಬ್ಬಳು ಹೆಂಗಸು ಹೇಗೆ ನೆನಪಿರಬೇಕು? ನಾನು ಮತ್ತೆ ಬೇರೆ ಯಾರ ರಿಕ್ಷಾವನ್ನೂ ಹತ್ತಲಿಲ್ಲ. ನಿನ್ನ ಕುತ್ತಿಗೆಯ ಹಿಂಭಾಗ ನೋಡುತ್ತಾ ಕೂರುವುದು ನನಗೆ ಬೇಕಿತ್ತು. ಮೀಟರು ಹಾಕು ಎಂದರೆ, ಅದು ಬಿಸಿಲಿಗೆ ಮಲಗಿದೆ ಅಕ್ಕ, ಎಬ್ಬಿಸಬೇಡಿ ಎಂದು ನಗಿಸುತ್ತಿದ್ದೆ. ನಾನೂ ನಗುತ್ತಿದ್ದೆ. ಕುಶಲಕ್ಕ ಎಂದು ಕರೆಯಲು ಸುರು ಮಾಡಿದೆ. ನಿನ್ನ ಮಗಳು ಶಾಲೆಗೆ ಸೇರಿದ ದಿನ ಅವಳ ಜಡೆಗೆ ಮಲ್ಲಿಗೆ ಮುಡಿಸಿದವಳು ನಾನು.

ಏನು ಮಾಡಬೇಕೆಂದು ಆಗ ನನಗೆ ಗೊತ್ತಿರಲಿಲ್ಲ. ನೀನೇ ಹೇಳಿಕೊಟ್ಟೆ.

ಎರಡು ವರ್ಷದ ಹಿಂದೆ ಸ್ಟ್ಯಾಂಡಿನಲ್ಲಿ ಹೂವಿನ ಬಸ್ಸಿಗೆ ಕಾಯುತ್ತಿದ್ದೆವು. ನಿನ್ನ ಜೊತೆ ರಿಕ್ಷಾ ಇಡುವ ರೊಸಾರಿಯೊ ಸಹ ಇದ್ದ. ನಾನು ತಮಾಷೆಗೆ ಕೇಳಿದ ಹಾಗೆ ಕೇಳಿದೆ, ಜನರನ್ನು ಇಳಿಸಿ ಹೋಗುವಾಗ ನೀನು ಬರ್ತೇನೆ ಬರ್ತೇನೆ ಅನ್ನುತ್ತೀಯಲ್ಲ, ಯಾರಾದರೂ ಅದನ್ನು ನಂಬಿ ಕಾದರೆ ಎಂತ ಮಾಡುತ್ತೀ ಎಂದು. ಮರೆತುಹೋಗುತ್ತದೆ ಅಕ್ಕ ಎಂದು ನೀನು ಹೇಳಿದ್ದರೂ ಸಾಕಿತ್ತು. ನೀನು ತೊಡೆಗೆ ಹೊಡೆದುಕೊಂಡು ನಕ್ಕೆ.

“ಮತ್ತೆ ಹೋಗ್ತೇನೆ ಅಂತ ಹೇಳಲಿಕ್ಕೆ ಉಂಟಾ ಅಕ್ಕ? ಹೋಗುವುದು ಬೀಡಿನಗುಡ್ಡೆಗೆ ಒಂದೇ ಸಲ. ಬರ್ತೇನೆ ಅಂದ್ರೆ ಹೊರಟೆ ಅಂತ. ಅಷ್ಟೂ ಗೊತ್ತಿಲ್ಲದವರು ಊರಲ್ಲಿ ಇದ್ದಾರಾ?”

ರೊಸಾರಿಯೊ ಬೇರೆ ಅದಕ್ಕೆ ಸೇರಿಸಿದ. “ಇವನು ಬರ್ತೇನೆ ಅಂದ ಮನೆಗೆಲ್ಲ ತಿರುಗಿ ಬಂದಿದ್ರೆ ಇವನ ಹೆಂಡ್ತಿ ಇವನ ಮುಖ ಕಾಣ್ತಿದ್ದದ್ದು ಮದುವೆ ಫೋಟೋದಲ್ಲಿ ಮಾತ್ರ ಮಾರಾಯ್ರೆ!”

ಬೀಡಿನಗುಡ್ಡೆಯ ಸ್ಮಶಾನದಲ್ಲಿ ನನ್ನ ಮಗಳನ್ನು ಸುಟ್ಟದ್ದು, ಭುಜಂಗ. ಅಷ್ಟೂ ಗೊತ್ತಿಲ್ಲದವರು ಇದ್ದರು. ಇಬ್ಬರಿದ್ದರು. ಒಬ್ಬಳು ಅದೇ ಮಾತನ್ನು ನಂಬಿಕೊಂಡು ಕಂಬಕ್ಕೆ ಒರಗಿ ಕೂತಿದ್ದಳು. ಆ ಸಂಜೆ ನನ್ನ ಪುಸ್ತಕದಲ್ಲಿ, ಇವನಿಗೆ ಕಾಯುವುದು ಎಂದರೆ ಏನೆಂದು ತೋರಿಸಬೇಕು ಎಂದು ಬರೆದೆ.

ಮೊನ್ನೆ ಸೋಮವಾರ ನನ್ನನ್ನು ಗೇಟಿನಲ್ಲಿ ಇಳಿಸಿ ನೀನೂ ಇಳಿದೆ. ನಮ್ಮ ಕಡೆಗೆ ಸಾಕ್ಷಿ ಇಲ್ಲದಿದ್ದರೆ ಲೈಸೆನ್ಸ್ ಉಳಿಯುವುದಿಲ್ಲ ಎಂದು ವಕೀಲರು ಹೇಳಿದ್ದನ್ನು ಹೇಳಿದೆ. “ನಿಮ್ಮ ಒಂದು ಮಾತು ಸಾಕು ಅಕ್ಕ. ನನಗೆ ಈ ಹ್ಯಾಂಡಲ್ ಬಿಟ್ಟರೆ ಬೇರೆ ಎಂತದೂ ಗೊತ್ತಿಲ್ಲ. ಬರ್ತೀರಲ್ವಾ?” ಎಂದೆ. ನಾನು ಬುಟ್ಟಿ ಎತ್ತಿಕೊಂಡು, ಗೇಟಿನ ಚಿಲಕ ತೆಗೆದು, ಒಳಗೆ ಹೋಗುತ್ತಾ “ಬರ್ತೇನೆ” ಎಂದೆ. ನೀನು ಕೈ ಮುಗಿದೆ. ನಾನು ಸುಳ್ಳು ಹೇಳಲಿಲ್ಲ. ಹೊರಡುವಾಗ ಹೇಳುವ ಮಾತನ್ನು ಹೇಳಿದೆ.

ಬರೆಯುವುದನ್ನು ನಿಲ್ಲಿಸಬೇಕಾಯಿತು. ಹತ್ತೂ ಮುಕ್ಕಾಲಿಗೆ ರೊಸಾರಿಯೊ ರಿಕ್ಷಾ ತಂದು ಗೇಟಿನಲ್ಲಿ ಹಾರ್ನ್ ಹೊಡೆದ. ನೀನು ಕಳಿಸಿದ್ದು. ಕಿಟಕಿಯ ಹತ್ತಿರ ಬಂದು, “ಎಂತ ಅಕ್ಕ ಇನ್ನೂ ಹೊರಡಲಿಲ್ವಾ? ಅವನು ಅಲ್ಲಿ ರಸ್ತೆ ನೋಡಿ ನೋಡಿ ಕುತ್ತಿಗೆ ಉದ್ದ ಮಾಡಿಕೊಂಡಿದ್ದಾನೆ. ಕೂತುಕೊಳ್ಳಿ, ಐದು ನಿಮಿಷದಲ್ಲಿ ಬಿಡ್ತೇನೆ” ಎಂದ. ಸೀರೆ ಬದಲಾಯಿಸಬೇಕು, ನೀವು ಮುಂದೆ ಹೋಗಿ ಅವನಿಗೆ ಧೈರ್ಯ ಹೇಳಿ, ನಾನು ಹಿಂದಿನಿಂದ ಬರ್ತೇನೆ ಎಂದೆ. ಅವನು ಒಂದು ಗಳಿಗೆ ನನ್ನ ಸೀರೆ ನೋಡಿದ. ಒಳ್ಳೆಯ ಸೀರೆಯನ್ನೇ ಉಟ್ಟಿದ್ದೆ. ಯಾಕೆ ಉಟ್ಟೆನೋ ನನಗೇ ಗೊತ್ತಿಲ್ಲ. ಮತ್ತೆ ರಿಕ್ಷಾ ತಿರುಗಿಸಿಕೊಂಡು ಹೋದ.

ಹನ್ನೊಂದು ಹೊಡೆಯಿತು. ಈಗ ನಿನ್ನ ಹೆಸರು ಕೂಗಿರುತ್ತಾರೆ. ಬರುವ ಒಂದೊಂದು ರಿಕ್ಷಾದ ಶಬ್ದಕ್ಕೂ ನೀನು ತಿರುಗಿ ನೋಡುತ್ತಿರುತ್ತೀ. ಯಾವ ಎಂಜಿನಿನ ಶಬ್ದ ಹತ್ತಿರ ಬರುತ್ತದೆ, ಯಾವುದು ತಿರುವಿನಲ್ಲಿ ಬೇರೆ ಕಡೆಗೆ ಹೋಗುತ್ತದೆ ಎಂದು ಕಿವಿಗೆ ಗೊತ್ತಾಗುತ್ತದೆ, ಅಲ್ವಾ? ಪಕ್ಕದಲ್ಲಿರುವವರಿಗೆ, ಬರ್ತಾರೆ, ಬರ್ತಾರೆ ಎಂದು ನಾವೇ ಹೇಳುತ್ತೇವೆ. ಅವರಿಗಿಂತ ಹೆಚ್ಚು ನಮಗೇ ಹೇಳಿಕೊಳ್ಳುವುದು.

ಹನ್ನೆರಡೂವರೆ. ನನಗೆ ದುಃಖವಾಗುತ್ತದೆ ಎಂದು ತಿಳಿದಿದ್ದೆ. ಆಗಲಿಲ್ಲ. ಗಂಜಿ ಬಿಸಿ ಮಾಡಿ ಉಪ್ಪಿನಕಾಯಿ ಹಾಕಿಕೊಂಡು ಉಂಡೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಊಟ ರುಚಿಯಾಯಿತು. ಬೇಕಾದರೆ ಊರಿಗೆಲ್ಲ ಹೇಳು, ನಾನು ಅಲ್ಲ ಎನ್ನುವುದಿಲ್ಲ.

ನಿನ್ನ ಮಗಳಿಗೆ ಇದರಲ್ಲಿ ಯಾವ ತಪ್ಪೂ ಇಲ್ಲ. ನನ್ನ ಮಗಳಿಗೂ ಇರಲಿಲ್ಲ.

ಇಂತಿ,
ಚಂಪಾಳ ಅಮ್ಮ
ಕುಶಲಾ

ಮತ್ತೆ ಬರೆದದ್ದು, ಸಂಜೆ ನಾಲ್ಕು ಗಂಟೆ: ರೊಸಾರಿಯೊ ಬಂದಿದ್ದ. ಲೈಸೆನ್ಸ್ ಹೋಯಿತಂತೆ. ಅವನು ಬೈಯಲಿಲ್ಲ. ಕುಶಲಕ್ಕ ಖಂಡಿತ ಹೊರಟಿರುತ್ತಾರೆ, ದಾರಿಯಲ್ಲಿ ಅವರಿಗೇ ಏನೋ ಆಗಿರಬೇಕು, ಹೋಗಿ ನೋಡು ಎಂದು ನೀನು ಕಳಿಸಿದೆಯಂತೆ. ಅವನು ಗೇಟಿನ ಹೊರಗೆ ಕಾಯುತ್ತಿದ್ದಾನೆ, ಈ ಕಾಗದ ಅವನ ಕೈಯಲ್ಲೇ ಕೊಡುತ್ತೇನೆ. ಕವರು ಅಂಟಿಸುವ ಮೊದಲು ಇನ್ನೊಂದು ವಿಷಯ ಉಂಟು. ನನ್ನ ಪುಸ್ತಕದಲ್ಲಿಯೂ ಅದನ್ನು ಬರೆದಿಲ್ಲ. ನಿನ್ನ ಪಾಲಿನ ತಪ್ಪು ಇದರಿಂದ ಕಡಿಮೆಯಾಗುತ್ತದೆ ಎಂದು ತಿಳಿಯಬೇಡ. ಅಂಬಲಪಾಡಿಯಲ್ಲಿ ನಮ್ಮ ಪಕ್ಕದ ಮನೆಯ ಸ್ಟ್ಯಾನಿಸ್ಲಾಸರಿಗೆ ಕಾರು ಇತ್ತು. ಅವರು ಒಣ ಎಲೆ ಸುಟ್ಟ ಹೊಗೆಗೆ ಚಂಪಾಳಿಗೆ ಕೆಮ್ಮು ಹೆಚ್ಚಾಯಿತೆಂದು ಅದರ ಹಿಂದಿನ ತಿಂಗಳು ನಾನು ಬೇಲಿಯ ಹತ್ತಿರ ನಿಂತು ದೊಡ್ಡ ಜಗಳ ಮಾಡಿದ್ದೆ. ಸತ್ತರೂ ನಿಮ್ಮ ಸಹಾಯ ಬೇಡ ಎಂದಿದ್ದೆ. ಆ ಬುಧವಾರ ಕಾರು ಅಂಗಳದಲ್ಲೇ ಇತ್ತು. ನಾವು ಜಗಲಿಯಲ್ಲಿ ಕೂತದ್ದನ್ನು ಕಂಡು ಅವರ ಹೆಂಡತಿ ಜೆರ್ಟ್ರೂಡ್ ಬಾಯಿ ಬೇಲಿಯವರೆಗೆ ಬಂದು, ಕಾರು ತೆಗೆಯಲಿಕ್ಕೆ ಹೇಳಬೇಕಾ ಎಂದು ಕೇಳಿದರು. ಬೇಡ, ರಿಕ್ಷಾ ಬರ್ತದೆ ಎಂದೆ.