ಗೋಲ್‌ಕೀಪರನ ಐದು ನಿಮಿಷ

ಕಾಲೇಜು ಐಸ್ ಹಾಕಿ ನಿಯಮ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಮೊಮ್ಮಗನನ್ನು ಅಪರಾಧಿಯೆಂದು ಘೋಷಿಸಲು ನಿಮ್ಮ ಕಚೇರಿ ಒಪ್ಪುತ್ತಿಲ್ಲ. ಮಿಷಿಗನ್ನಿನ ಈ ಮೂಲೆಯಲ್ಲಿ ಇಷ್ಟು ದೊಡ್ಡ ಅನ್ಯಾಯವನ್ನು ನಾನು ಕಂಡಿಲ್ಲ.

ನನ್ನ ಮೊಮ್ಮಗ ರೇನೊ ನಾಲ್ಕು ವರ್ಷ ನಮ್ಮೂರ ಕಾಲೇಜು ತಂಡದ ಬೆಂಚು ಕಾದ. ಒಂದು ಕ್ಷಣವೂ ಆಡಲಿಲ್ಲ. ಕೊನೆಯ ವರ್ಷದವರ ಬೀಳ್ಕೊಡುಗೆಯ ಆಟದ ದಿನ ಕೋಚ್ ನನಗೆ ಮಾತು ಕೊಟ್ಟಿದ್ದರು: "ಐಲಿಯಮ್ಮ, ಇವತ್ತು ಕೊನೇಗೆ ಒಂದೆರಡು ನಿಮಿಷ ಆದ್ರೂ ನಿಮ್ ಹುಡುಗನ್ನ ಇಳಿಸೇ ಇಳಿಸ್ತೀನಿ."

ಆಟ ಮುಗಿಯಲು ಇನ್ನು ನಾಲ್ಕೇ ನಿಮಿಷ. ಎದುರಾಳಿಯೊಬ್ಬ ಒಂಟಿಯಾಗಿ ನುಗ್ಗಿ ಬಂದ. ನಮ್ಮ ಗೋಲ್‌ಕೀಪರ್ ಡೆರಿಕ್ ಕೋಲು ಬೀಸಿ ಅವನ ಕಾಲಿಗೇ ಬಾರಿಸಿ ಕೆಡವಿದ. ರೆಫರಿ ಪೆನಾಲ್ಟಿ ಶಾಟ್ ಕೊಟ್ಟರು. ಡೆರಿಕ್ ಅದನ್ನು ತಡೆದ. ಲೆಕ್ಕ ಚುಕ್ತಾ ಎಂದು ಊರೆಲ್ಲ ಕುಣಿಯಿತು. ಆದರೆ ನಿಮ್ಮ ಘನ ನಿಯಮವೇ ಬೇರೆ. ತಪ್ಪು ಸಣ್ಣದಾದರೆ ಶಾಟ್‌ನೊಂದಿಗೆ ತೀರಿತು; ದೊಡ್ಡದಾದರೆ ಗೋಲಾಗಲಿ ಬಿಡಲಿ, ಐದು ನಿಮಿಷದ ಶಿಕ್ಷೆ ಹಾಗೇ ಉಳಿಯುತ್ತದೆ. ಡೆರಿಕ್ ಮಾಡಿದ್ದು ದೊಡ್ಡದಂತೆ. ಇರಲಿ, ಒಪ್ಪೋಣ. ಆದರೆ ಗೋಲ್‌ಕೀಪರ್ ಐಸ್ ಬದಿಯ ಗಾಜಿನ ಗೂಡಿಗೆ, ಆ ಶಿಕ್ಷೆಯ ಪೆಟ್ಟಿಗೆಗೆ, ಹೋಗುವುದಿಲ್ಲವಂತೆ! ಅವನ ಬದಲು ತಂಡದ ಇನ್ನೊಬ್ಬ ಹೋಗಿ ಕೂರಬೇಕಂತೆ. ಹಲ್ಲುನೋವು ಒಬ್ಬನಿಗೆ ಬಂದರೆ ಪಕ್ಕದವನ ಹಲ್ಲು ಕೀಳುತ್ತೀರಾ? ಯಾರು ಇಲ್ಲದಿದ್ದರೆ ತಂಡಕ್ಕೆ ನಷ್ಟವಿಲ್ಲ ಎಂದು ಕೋಚ್ ಬೆಂಚಿನ ಮೇಲೆ ಕಣ್ಣಾಡಿಸಿದರೆ ಕಣ್ಣಿಗೆ ಬೀಳುವವನು ಯಾರು, ನೀವೇ ಹೇಳಿ.

ನನ್ನ ಸೀಟು ಆ ಪೆಟ್ಟಿಗೆಯ ಹಿಂದೆಯೇ. ರೇನೊ ಒಳಗೆ ಬಂದು ಕೂತವನೇ ಗಾಜಿನ ಸಂದಿಯಿಂದ ಕೇಳಿದ:

"ಅಜ್ಜಿ, ನಾನ್ ಐಸ್ ಮೇಲೆ ಬಂದಿದ್ದು ನೋಡಿದ್ಯಾ?"

"ನೋಡ್ದೆ ಕಣೋ. ಚೆನ್ನಾಗ್ ಬಂದೆ."

ಅಷ್ಟರಲ್ಲಿ ಎದುರಾಳಿ ಊರಿನ ಹೆಂಗಸೊಬ್ಬಳು "ಥೂ, ಕೊಲೆಗಡುಕ!" ಎಂದು ಅವನತ್ತ ಕೈ ತೋರಿಸಿ ಅರಚಿದಳು.

"ಹೊಡ್ದಿದ್ದು ಇವ್ನಲ್ಲಮ್ಮ" ಎಂದೆ.

"ಅಜ್ಜಿ, ನೀನ್ ಸುಮ್ನಿರು! ಬೈಲಿ ಬಿಡು" ಎಂದ ರೇನೊ. ಅವನ ಮುಖದ ತುಂಬ ನಗು.

ಅವನು ಪೆಟ್ಟಿಗೆಯಲ್ಲಿರುವಾಗಲೇ ಆಟ ಮುಗಿಯಿತು. ಮರುದಿನ ಪಂದ್ಯದ ದಾಖಲೆ ನೋಡಿದರೆ ಶಿಕ್ಷೆ ಡೆರಿಕ್ ಹೆಸರಿನಲ್ಲಿದೆ. ರೇನೊ ಆಡಿದ ಪಂದ್ಯ: ಸೊನ್ನೆ. ಅವನು ಐಸ್ ದಾಟುವಾಗ ಗಡಿಯಾರ ನಿಂತಿತ್ತು, ಆದ್ದರಿಂದ ಆಟಕ್ಕೆ ಇಳಿದಂತಾಗಲಿಲ್ಲ ಎಂದು ನಿಮ್ಮ ಕಚೇರಿಯ ವಿವರಣೆ. ಹಾಗಾದರೆ ನಾನು ಮಾತಾಡಿಸಿದ್ದು ಯಾರನ್ನು ಸ್ವಾಮಿ? ಆ ಹೆಂಗಸು ಉಗಿದದ್ದು ಯಾರಿಗೆ? ಡೆರಿಕ್‌ನನ್ನೂ ಕೇಳಿದೆ, ಆ ತಪ್ಪನ್ನು ರೇನೊಗೆ ಬಿಟ್ಟುಕೊಡ್ತೀಯಾ ಎಂದು. "ತಗೊಂಡ್ ಹೋಗಜ್ಜಿ, ನಂಗ್ಯಾಕದು" ಎಂದ. ಕೊಡಲು ಅಡ್ಡಿಯಿರುವುದು ನಿಮಗೊಬ್ಬರಿಗೇ.

ನನಗೆ ನ್ಯಾಯ ಬೇಡ. ಮಾಡಿದ ಅನ್ಯಾಯವನ್ನೇ ಪೂರ್ತಿ ಮಾಡಿ. ಶಿಕ್ಷೆ ಅನುಭವಿಸಿದವನಿಗೆ ತಪ್ಪನ್ನೂ ಕೊಟ್ಟುಬಿಡಿ. ಕೋಲು ಬೀಸಿದವನು ರೇನೊ ಎಂದೇ ಬರೆಯಿರಿ. ನಾಲ್ಕು ವರ್ಷ ಚಳಿಯಲ್ಲಿ ಎದ್ದು ಅಭ್ಯಾಸಕ್ಕೆ ಹೋದ ಹುಡುಗ ಅವನು. ಅವನೂ ಅಲ್ಲಿದ್ದ ಎಂದು ಹೇಳಲು ಒಂದು ತಪ್ಪಾದರೂ ಇರಲಿ.

ಇಂತಿ,
ನಿರಪರಾಧಿಯ ಅಜ್ಜಿ ಎನಿಸಿಕೊಂಡು ಸಾಕಾಗಿರುವ
ಐಲಿ ಕೊರ್ಟೆಸೋಯ