ಬಾಯಿ ಮುಚ್ಚಿದ್ದಕ್ಕೆ ಬಂದ ಅಂಕ

ಮನೆಯಲ್ಲೇ ಕೂತು ಬರೆಯಬಹುದಾದ ಬಿಸಿನೆಸ್ ಸ್ಕೂಲ್ ಪ್ರವೇಶ ಪರೀಕ್ಷೆಯ ಮಾನ್ಯ ನಿಯಂತ್ರಕರೇ,

ರೇಷ್ಮ ಎಂಬ ಅಭ್ಯರ್ಥಿ ತನ್ನ ಅಂಕಗಳನ್ನು ವಾಪಸು ತೆಗೆದುಕೊಳ್ಳಿ ಎಂದು ನಿಮಗೆ ಮನವಿ ಬರೆದಳು. ನೀವು ‘ಅಭಿನಂದನೆಗಳು’ ಎಂದು ಉತ್ತರಿಸಿದಿರಿ. ಅವಳು ಮತ್ತೆ ಬರೆದಳು. ನೀವು ಮತ್ತೆ ಅಭಿನಂದಿಸಿದಿರಿ. ಅಂಕ ಸಾಲದೆಂದು ಅತ್ತವರನ್ನು ನಿಮ್ಮ ಕಛೇರಿ ಬೇಕಾದಷ್ಟು ಕಂಡಿರುತ್ತದೆ. ಅಂಕ ಬೇಡವೆಂದು ಅಳುವವಳನ್ನು ಎಲ್ಲಿಡಬೇಕೆಂದು ನಿಮ್ಮ ಯಂತ್ರಕ್ಕೆ ತಿಳಿಯದೆ ಸಂತೋಷಪಟ್ಟವರ ಸಾಲಿನಲ್ಲಿ ಕೂರಿಸಿಬಿಟ್ಟಿತು. ಆ ಅಂಕಗಳನ್ನು ಅವಳು ಗಳಿಸಿದ ಸಂಜೆಯೇ ಅವಳ ಸೋದರಮಾವ ಬೊಮ್ಮನ್ ಸತ್ತರು. ಎರಡಕ್ಕೂ ಕಾರಣ ನಿಮ್ಮ ಒಂದು ನಿಯಮ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಅವಳು ಇಂಗ್ಲಿಷಿನಲ್ಲಿ ಬರೆದದ್ದನ್ನು ಯಂತ್ರ ಓದಿತು. ನಿಮ್ಮ ಕಛೇರಿ ಇರುವುದು ಕನ್ನಡದ ಊರಿನಲ್ಲಿ. ಆದ್ದರಿಂದ ಕನ್ನಡ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಬೆಳಗಿನ ಕಾಫಿಯ ಜೊತೆ ಮನುಷ್ಯರು ಯಾರಾದರೂ ಓದಿಯಾರು. ಆ ಕಾಫಿಯೂ ನಮ್ಮ ವಯನಾಡಿನದೇ ಇರಬಹುದು. ಹಾಗಾಗಿ ಕಹಿಯೆನಿಸಿದರೆ ಕಾಫಿಯನ್ನು ದೂರಬೇಡಿ.

ನಾನು ಕಾಟ್ಟಿಕುಳಂನಲ್ಲಿ ಕಾಡುತ್ಪತ್ತಿ ಕೊಳ್ಳುವ ಒಂದು ಸಣ್ಣ ಸಹಕಾರ ಸಂಘದ ಗುಮಾಸ್ತ. ಜೈನರ ಮನೆಯವನು, ನಮ್ಮವರು ಕನ್ನಡ ನಾಡಿನಿಂದ ಈ ಗುಡ್ಡಗಳಿಗೆ ಬಂದು ಎಷ್ಟು ತಲೆಮಾರಾಯಿತೆಂದು ನಮ್ಮ ಅಜ್ಜಿ ಕಮಲಾವತಿಯನ್ನು ಕೇಳಿದರೆ ಪ್ರತಿಸಲವೂ ಒಂದು ತಲೆಮಾರು ಹೆಚ್ಚಿಗೆ ಹೇಳುತ್ತಾರೆ. ರೇಷ್ಮಳದು ನನ್ನ ಎದುರಿನ ಮೇಜು. ತೋಲ್ಪೆಟ್ಟಿಯ ಕಾಡಂಚಿನ ಆದಿವಾಸಿ ಹಾಡಿಯವಳು, ಆ ಹಾಡಿಯಲ್ಲಿ ಬಿ.ಕಾಂ ಮುಗಿಸಿದ ಮೊದಲ ಹುಡುಗಿ. ಜೇನು, ಸೀಗೆ, ನೆಲ್ಲಿಕಾಯಿ ತಂದವರಿಗೆ ತೂಕ ಹಾಕಿಸಿ ಚೀಟಿ ಬರೆಯುವುದು ಅವಳ ಕೆಲಸ. ಚೀಟಿಯಲ್ಲಿ ನನ್ನ ತಪ್ಪು ಹುಡುಕುವುದು ಅವಳ ವಿರಾಮ.

ನಿಮ್ಮ ಪರೀಕ್ಷೆಗೆ ನಾವಿಬ್ಬರೂ ಒಟ್ಟಿಗೇ ಹೆಸರು ಕೊಟ್ಟೆವು. ನನ್ನ ತಯಾರಿ ಪುಸ್ತಕಗಳಿಗೆ ಹೊದಿಕೆ ಹಾಕುವಲ್ಲಿಗೆ ಮುಗಿಯಿತು. ಹೊದಿಕೆ ಮಾತ್ರ ಬಹಳ ಚೆನ್ನಾಗಿ ಬಂದಿತ್ತು. ಅವಳದು ಬೇರೆ ಜಾತಿಯ ತಯಾರಿ. ತಕ್ಕಡಿಯ ಮುಳ್ಳು ನಿಲ್ಲುವಷ್ಟರಲ್ಲಿ ಒಂದು ಲೆಕ್ಕ. ತೋಲ್ಪೆಟ್ಟಿಯಿಂದ ಬರುವ ಬಸ್ಸಿನಲ್ಲಿ ನಿಂತೇ ಒಂದು ಇಂಗ್ಲಿಷ್ ಪಾಠ. ಜಿಂಕೆ ಅಡ್ಡ ಬಂದು ಡ್ರೈವರ್ ಬ್ರೇಕ್ ಒತ್ತಿದರೆ ಓದಿದ ಸಾಲಿನ ಮೇಲೆ ಹೆಬ್ಬೆರಳು. ಮಧ್ಯಾಹ್ನ ಬುತ್ತಿಯ ಮುಚ್ಚಳದಲ್ಲಿ ಉಪ್ಪಿನಕಾಯಿ, ಅದರ ಪಕ್ಕದಲ್ಲಿ ಫೋನು, ಫೋನಿನಲ್ಲಿ ಮಾದರಿ ಪ್ರಶ್ನೆ. ಮ್ಯಾನೇಜ್‌ಮೆಂಟ್ ಓದುವ ಮೊದಲು ನನ್ನನ್ನು ಮ್ಯಾನೇಜ್ ಮಾಡುವುದು ಕಲಿ ಎಂದು ನಾನು ಛೇಡಿಸಿದರೆ, ನಿಮಗೆ ಎಂಬಿಎ ಯಾಕೆ ಭರತೇಶಣ್ಣಾ, ಒಂದು ಚಾಯ ಸಾಕಲ್ಲ ಎನ್ನುತ್ತಿದ್ದಳು. ತಲೆ ಎತ್ತುತ್ತಿರಲಿಲ್ಲ.

ನಾವೆಲ್ಲ ಚೇಟ್ಟನ್, ಅಂದರೆ ಅಣ್ಣ, ಎನ್ನುವ ಕಾಫಿ ಬೆಳೆಗಾರ ದಾಮೋದರನ್ ಸಂಘಕ್ಕೆ ಬಂದಾಗಲೆಲ್ಲ ಅವಳ ಪುಸ್ತಕವನ್ನು ಕೈಯಲ್ಲಿ ತೂಗಿ ನೋಡುವರು. ಒಮ್ಮೆ ಮಗಳನ್ನು ಕರೆಯುವಂತೆ ‘ಮೋಳೇ’ ಎಂದು ಕೇಳಿಯೇಬಿಟ್ಟರು: “ಇದು ಓದಿದ್ರೆ ಜೇನು ಇನ್ನೂ ಸಿಹಿ ಆಗುತ್ತಾ ಮೋಳೇ?”

“ಸಿಹಿ ಅಷ್ಟೇ ಇರುತ್ತೆ ಚೇಟ್ಟಾ. ಬಾಟಲಿ ಮೇಲೆ ಯಾರ ಹೆಸರು ಹಾಕ್ಬೇಕು ಅಂತ ಗೊತ್ತಾಗುತ್ತೆ.”

ಅವಳು ಓದಲು ಹೊರಟದ್ದು ಇದಕ್ಕೆ. ಅವಳ ಮಾವ ಬೊಮ್ಮನ್ ಮರ ಹತ್ತಿ ಇಳಿಸಿದ ಜೇನು ಯಾವುದೋ ಪಟ್ಟಣದಲ್ಲಿ ಬಾಟಲಿಗಿಳಿದು, ಮೇಲೆ ಜಲಪಾತದ ಚಿತ್ರ ಅಂಟಿಸಿಕೊಂಡು, ನಮ್ಮ ಜಿಲ್ಲೆಯ ಬತ್ತೇರಿಯ ಅಂಗಡಿಗೇ ಮರಳಿ ಬರುತ್ತಿತ್ತು. ಆ ಜಲಪಾತ ಎಲ್ಲಿದೆ ಎಂದು ಬೊಮ್ಮನ್ ಕುತೂಹಲದಿಂದ ವಿಚಾರಿಸಿದ್ದರಂತೆ. ನಡುವೆ ಏನು ನಡೆಯುತ್ತದೆ ಎಂದು ಕಲಿತು ಬಂದು ಹಾಡಿಯವರದೇ ಒಂದು ವ್ಯಾಪಾರ ಕಟ್ಟಬೇಕು ಎಂಬುದು ಅವಳ ಹಟ. ನಿಮ್ಮ ಶಾಲೆಗಳ ಕರಪತ್ರದಲ್ಲಿ ಇಂಥ ಹಟಕ್ಕೆ ‘ದೂರದೃಷ್ಟಿ’ ಎಂದು ಹೆಸರು ಕೊಟ್ಟಿರುವುದನ್ನು ಓದಿದ್ದೇನೆ.

ನೀವು ಮಹಾ ಉಪಕಾರಿಗಳು. ಉದ್ಯೋಗಸ್ಥರ ಅನುಕೂಲಕ್ಕೆಂದೇ ಸಂಜೆಯ ಅವಧಿ ಇಟ್ಟಿದ್ದಿರಿ. ನಮ್ಮ ಕಡೆಯ ಉದ್ಯೋಗಸ್ಥರಲ್ಲಿ ಆನೆಯೂ ಒಂದು, ಹಲಸು ಹಣ್ಣಾಗುವ ತಿಂಗಳಲ್ಲಿ ಅದರ ಪಾಳಿಯೂ ಸಂಜೆಯದೇ ಎಂಬುದು ಪಾಪ ನಿಮಗೆ ಹೇಗೆ ತಿಳಿಯಬೇಕು? ಸಂಘದ ಕೋಣೆಯಲ್ಲೇ ಕೂತು ಬರೆಯಲಿ ಎಂದು ನಾನು ಏರ್ಪಾಡು ಮಾಡಿದೆ. ಕ್ಯಾಮೆರಾ ಹಿಡಿದು ಕೋಣೆಯ ನಾಲ್ಕೂ ಗೋಡೆ ತೋರಿಸಿದಾಗ ನಿಮ್ಮವರು, ಬಾಗಿಲು ಎರಡಿವೆ, ಕಿಟಕಿಗೆ ಪರದೆ ಇಲ್ಲ, ಆಗದು ಎಂದರು. ಅವಳ ಮನೆ ತೋರಿಸಿದಾಗ ಒಪ್ಪಿದರು. ಒಂದೇ ಕೋಣೆ, ಒಂದೇ ಬಾಗಿಲು. ಬಡತನ ನಿಮ್ಮ ಪರೀಕ್ಷೆಯಲ್ಲಿ ಪಾಸಾದದ್ದು ಅದೊಂದೇ ಸಲ ಇರಬೇಕು.

ಹಾಡಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಆನೆಯನ್ನು ಮೊದಲು ಕಂಡವರು ಕೂಗು ಹಾಕುತ್ತಾರೆ. ಪ್ರತಿಯೊಂದು ಮನೆಯೂ ಸರದಿಯಂತೆ ‘ಓ’ ಎನ್ನಬೇಕು. ಓ ಅಂದರೆ ಒಳಗಿದ್ದೇವೆ, ಕ್ಷೇಮ ಎಂದರ್ಥ. ಯಾವ ಮನೆ ಓಗೊಡುವುದಿಲ್ಲವೋ ಆ ಮನೆಯವರು ಹೊರಗೆ ಸಿಕ್ಕಿಕೊಂಡಿದ್ದಾರೆ ಎಂದು ತಿಳಿದು ಹತ್ತಿರದ ಮನೆಯ ಗಂಡಸು ಟಾರ್ಚ್ ಹಿಡಿದು ಹೋಗಲೇಬೇಕು. ಇದಕ್ಕೆ ಸುತ್ತೋಲೆಯಿಲ್ಲ, ಸಹಿಯಿಲ್ಲ. ಅಲ್ಲಿ ಮನೆಗಳನ್ನು ಕಟ್ಟಿರುವುದೇ ಕೂಗಳತೆಯಲ್ಲಿ.

ರೇಷ್ಮ ಇದನ್ನು ನಿಮಗೆ ಮೊದಲೇ ತಿಳಿಸಿದ್ದಳು. ಪರೀಕ್ಷೆಯ ನಡುವೆ ಆನೆ ಬಂದು ಕೂಗು ಬಿದ್ದರೆ ಒಂದು ಸಲ ಓ ಎನ್ನಬಹುದೇ ಎಂದು ಸಹಾಯವಾಣಿಗೆ ಬರೆದಳು. ಬಂದ ಉತ್ತರ ನನಗೆ ಬಾಯಿಪಾಠ: “ಪರೀಕ್ಷೆಯ ಅವಧಿಯಲ್ಲಿ ಸಾಕುಪ್ರಾಣಿಗಳು ಕೊಠಡಿಯೊಳಗೆ ಬಾರದಂತೆ ಅಭ್ಯರ್ಥಿಯೇ ನೋಡಿಕೊಳ್ಳತಕ್ಕದ್ದು.” ಅಂದು ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆನೆಗೆ ಬಾಗಿಲ ಹೊರಗೆ ಕೂರಲು ಹೇಳು, ಚಾಪೆ ಹಾಕು ಎಂದು ನಾನು, ಅದಕ್ಕೂ ಹಾಲ್ ಟಿಕೆಟ್ ಕೊಡಿಸಿ ಅಣ್ಣಾ ಎಂದು ಅವಳು. ಆ ನಗುವನ್ನು ಈಗ ಎಲ್ಲಿಡುವುದೋ ನನಗೆ ಗೊತ್ತಾಗುತ್ತಿಲ್ಲ.

ಆ ಸಂಜೆ ನಡೆದದ್ದನ್ನು ಅವಳ ತಾಯಿಯೂ ಬೊಮ್ಮನ್‌ರ ಹೆಂಡತಿ ಶಾಂತಾ ಅವರೂ ಹೇಳಿದಂತೆ ಬರೆಯುತ್ತೇನೆ. ಕೋಣೆಯಲ್ಲಿ ಬೇರೆ ಯಾರೂ ಇರಕೂಡದೆಂಬ ನಿಮ್ಮ ನಿಯಮದಂತೆ ತಾಯಿ ಎದ್ದು ಬೊಮ್ಮನ್‌ರ ಮನೆಗೆ ಹೋಗಿ ಕೂತಿದ್ದರು. ಹೊತ್ತು ಮುಳುಗಿತು. ಕಂದಕದಾಚೆ ಆನೆ ಕಂಡಿತು, ಕೂಗು ಬಿತ್ತು. ಎಲ್ಲ ಮನೆಗಳ ಜೊತೆ ರೇಷ್ಮಳೂ ಓ ಅಂದಳು. ತಕ್ಷಣ ನಿಮ್ಮ ಪರದೆ ಕೆಂಪಾಯಿತು: ಧ್ವನಿ ಪತ್ತೆಯಾಗಿದೆ, ಮತ್ತೊಮ್ಮೆ ಮಾತಾಡಿದರೆ ಪರೀಕ್ಷೆ ರದ್ದು. ಸ್ವಲ್ಪ ಹೊತ್ತಿಗೆ ಆನೆ ಕಂದಕ ದಾಟಿ ಹಾಡಿಯೊಳಕ್ಕೆ ಬಂತು. ಮತ್ತೆ ಕೂಗು. ಮನೆಗಳೆಲ್ಲ ಓಗೊಟ್ಟವು, ಒಂದನ್ನು ಬಿಟ್ಟು.

ಅವಳು ಪರೀಕ್ಷೆಗೆ ಕೂತಿದ್ದಾಳೆ, ಯಾರೂ ಹೋಗಬಾರದಂತೆ ಎಂದು ತಾಯಿ ಹೇಳಿದರು. ಬೊಮ್ಮನ್ ಅರಣ್ಯ ಇಲಾಖೆಯಲ್ಲಿ ವರ್ಷಗಟ್ಟಲೆ ದಿನಗೂಲಿ ವಾಚರ್ ಆಗಿದ್ದವರು. ಆನೆಯ ವಿಷಯದಲ್ಲಿ ಅವಸರ ಮಾಡುವ ಮನುಷ್ಯನಲ್ಲ. ಆದರೆ ಪರೀಕ್ಷೆ ಎಂದರೆ ಅವರ ತಿಳಿವಳಿಕೆಯಲ್ಲಿ ಕೈಯ ಕೆಲಸ. “ಬರೆಯೋದು ಕೈಯಲ್ಲಿ. ಬಾಯಿಗೇನಾಯ್ತು?” ಎಂದು ಟಾರ್ಚ್ ತಗೊಂಡು ಇಳಿದರು. ಸುತ್ತಲೂ ಡಬ್ಬ ಬಡಿಯುತ್ತಿದ್ದರು. ಅವಳ ಮನೆಯ ಹಿತ್ತಿಲಿನ ಹಲಸಿನ ಮರದ ತನಕ ಬೊಮ್ಮನ್ ತಲುಪಿದ್ದರು. ಆಮೇಲೆ ಡಬ್ಬಗಳೆಲ್ಲ ಒಮ್ಮೆಗೇ ನಿಂತವು.

ರೇಷ್ಮ ಎದ್ದು ಹೊರಗೆ ಓಡಿದಳು. ಅಭ್ಯರ್ಥಿ ಆಸನದಲ್ಲಿಲ್ಲ ಎಂದು ನಿಮ್ಮ ಯಂತ್ರ ತಾನೇ ಉತ್ತರಗಳನ್ನು ಸಲ್ಲಿಸಿ ಪರೀಕ್ಷೆ ಮುಗಿಸಿತು. ಉಳಿದಿದ್ದ ಪ್ರಶ್ನೆಗಳು ಕಡಿಮೆ. ಅಂಕಗಳು ಭರ್ಜರಿಯಾಗಿಯೇ ಬಂದವು. ಎಲ್ಲಕ್ಕಿಂತ ಹೆಚ್ಚು ಬಂದದ್ದು ‘ಸಂದಿಗ್ಧದಲ್ಲಿ ನಿರ್ಧಾರ ಕೈಗೊಳ್ಳುವ ಸಾಮರ್ಥ್ಯ’ ಎಂಬ ಭಾಗದಲ್ಲಿ. ಇದನ್ನು ಹಾಸ್ಯಕ್ಕೆಂದು ನಾನು ಕಟ್ಟಿದ್ದೇನೆ ಅನ್ನಿಸಿದರೆ ನಿಮ್ಮದೇ ದಾಖಲೆ ತೆಗೆದು ನೋಡಿ. ನನಗೆ ಅಷ್ಟು ಕ್ರೂರವಾದ ಹಾಸ್ಯ ಬರೆಯಲು ಬರುವುದಿಲ್ಲ.

ಮರುದಿನ ತೋಲ್ಪೆಟ್ಟಿಯಲ್ಲಿ ರಸ್ತೆ ತಡೆ ನಡೆಯಿತು. ಜನ ಆನೆಯನ್ನು ಬೈದರು, ಬೇಲಿಯನ್ನು ಬೈದರು, ಇಲಾಖೆಯನ್ನು ಬೈದರು. ಜೀಪುಗಳು ಬಂದವು, ದೊಡ್ಡವರು ತಲೆ ತಗ್ಗಿಸಿ ನಿಂತು ಬೈಸಿಕೊಂಡರು. ಆನೆಗೂ ಬೇಲಿಗೂ ಪಾಲು ಸಿಕ್ಕಿತು. ನಿಮ್ಮ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಬರಬೇಕಾದ ಬಾಯಿ ತೆರೆಯುತ್ತಲೇ ಇರಲಿಲ್ಲ.

ಸಂದರ್ಶನದ ಕರೆ ಬಂದಾಗ ಅವಳನ್ನು ಒಪ್ಪಿಸೋಣವೆಂದು ನಾನು ಹಾಡಿಗೆ ಹೋದೆ. ಮಳೆ ಹಿಡಿದಿತ್ತು. ಅವಳು ಮಾವನ ಮನೆಯ ಜಗುಲಿಯಲ್ಲಿ ಅತ್ತೆಯ ಪಕ್ಕ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಮಾತಾಡಿದ್ದು ಶಾಂತಾ.

“ಅವ್ರು ಓಡಿದ್ದು ನೀನು ಬದುಕ್ಲಿ ಅಂತ. ಹಿಂಗೆ ಜಗುಲಿ ಕಾಯ್ಲಿ ಅಂತ ಅಲ್ಲ. ಹೋಗು ಮೋಳೇ.”

ರೇಷ್ಮ ಮಳೆಯ ಕಡೆಗೇ ನೋಡುತ್ತಿದ್ದಳು.

“ಮಾವ ಹಿತ್ತಿಲಿಂದ ನನ್ನ ಹೆಸರು ಹಿಡಿದು ಕರೆದ್ರು ಅತ್ತೇ,” ಅಂದಳು. “ನನಗೆ ಕೇಳಿಸ್ತು.”

ಶಾಂತಾ ಅವಳ ಕೈಯನ್ನು ಎಳೆದು ತಮ್ಮ ಮಡಿಲಲ್ಲಿಟ್ಟುಕೊಂಡರು. ಯಾವ ವಿಷಯಕ್ಕಾದರೂ ಒಂದು ಚಟಾಕಿ ಸಿಗುತ್ತದೆಂದು ಕಾಲೇಜಿನ ದಿನಗಳಿಂದ ಜಂಬಪಡುತ್ತಿದ್ದ ನಾನು ಬಸ್ಸು ಹತ್ತುವ ತನಕ ಬಾಯಿ ಬಿಡಲಿಲ್ಲ.

ಈಗ ನೀವೇ ಹೇಳಿ ಮಾನ್ಯರೇ, ನಕಲು ತಡೆಯುವುದು ಬೇಡವೆಂದು ಯಾರಾದರೂ ಅಂದರೇ? ಒಂದು ‘ಓ’ ಅಕ್ಷರದಲ್ಲಿ ಯಾವ ಪ್ರಶ್ನೆಯ ಉತ್ತರವನ್ನು ಕದ್ದು ಸಾಗಿಸಬಹುದು? ರೆಪ್ಪೆ ಬಡಿದದ್ದನ್ನೂ ಎಣಿಸುವ ನಿಮ್ಮ ಕ್ಯಾಮೆರಾಕ್ಕೆ ಒಂದು ಹುಡುಗಿಯ ಮುಖ ಬಿಳುಚಿಕೊಂಡದ್ದು ಕಾಣಿಸಲಿಲ್ಲವೇ? ಹೊರಗಿನ ಡಬ್ಬದ ಸದ್ದು ನಿಮ್ಮ ಮೈಕಿಗೆ ಕೇಳಿಸಿದ್ದರೆ, ಇದೇನೆಂದು ಪರಿಶೀಲಿಸಲು ಆ ಕಡೆ ಒಬ್ಬ ಮನುಷ್ಯ ಇರಲಿಲ್ಲವೇ? ಇಲ್ಲದಿದ್ದರೆ ಯಾಕಿರಲಿಲ್ಲ? ಮುಂದೆ ಸಾವಿರಾರು ಮನುಷ್ಯರನ್ನು ನಡೆಸಬೇಕಾದವರನ್ನು ಆರಿಸುವ ಕೆಲಸವನ್ನು, ಮನುಷ್ಯರೇ ಇಲ್ಲದ ಕೋಣೆಗೆ ಯಾವ ಧೈರ್ಯದ ಮೇಲೆ ಒಪ್ಪಿಸಿದಿರಿ?

ಅಂಕ ರದ್ದು ಮಾಡಿ ಎಂಬುದು ಅವಳ ಮನವಿ. ಅವಳು ಬೈದರೂ ಸರಿ, ನಾನು ಅದನ್ನು ತಿದ್ದುತ್ತಿದ್ದೇನೆ. ರದ್ದು ಮಾಡಬೇಡಿ. ಆ ಅಂಕ ಅವಳು ಬಸ್ಸಿನಲ್ಲಿ ನಿಂತು, ತಕ್ಕಡಿಯ ಪಕ್ಕ ಕೂತು ದುಡಿದದ್ದು. ನನಗೆ ಬೇಕಾದದ್ದು ನಿಮ್ಮ ಕೈಯಿಂದ, ಯಂತ್ರದಿಂದಲ್ಲ, ಒಂದು ಕಾಗದ: ಅವಳು ಕೇಳಿದ ಪ್ರಶ್ನೆಗೆ ನೀವು ಸರಿಯಾಗಿ ಉತ್ತರಿಸಲಿಲ್ಲ, ಅವಳ ಬಾಯಿ ಮುಚ್ಚಿಸಿದ್ದು ನಿಮ್ಮ ನಿಯಮ, ಆ ನಿಯಮ ತಪ್ಪಾಗಿತ್ತು ಎಂದು. ಮಾವನ ಮನೆಯವರು ಕ್ಷಮಿಸಿದ್ದನ್ನು ಅವಳು ನಂಬುವುದಿಲ್ಲ. ಪ್ರೀತಿಯಿಂದ ಹೇಳುತ್ತಾರೆ ಎನ್ನುತ್ತಾಳೆ. ನಿಮಗೆ ಅವಳ ಮೇಲೆ ಅಂಥ ಪ್ರೀತಿಯೇನೂ ಇಲ್ಲವಲ್ಲ. ನೀವು ಹೇಳಿದರೆ ನಂಬಿಯಾಳು. ಜೊತೆಗೆ ಆ ನಿಯಮವನ್ನು ಬದಲಿಸಿ. ಬರುವ ವರ್ಷ ಯಾವುದೋ ಕಾಡಂಚಿನಲ್ಲಿ, ಯಾವುದೋ ಹೊಳೆಯ ದಡದಲ್ಲಿ ಇನ್ನೊಬ್ಬರು ಬಾಗಿಲು ಮುಚ್ಚಿಕೊಂಡು ನಿಮ್ಮ ಪರದೆಯ ಮುಂದೆ ಕೂರುತ್ತಾರೆ.

ಸಂದರ್ಶನ ಬರುವ ತಿಂಗಳು. ನಿಮ್ಮ ಕಾಗದ ಬಂದರೂ ಅವಳು ಹೋಗುತ್ತಾಳೆಂದು ನಾನು ಆಣೆ ಮಾಡಿ ಹೇಳಲಾರೆ. ಹೋಗದಿದ್ದರೆ ಹೋಗದಿರಲಿ, ಅದು ಅವಳ ದುಃಖ, ಅವಳ ಇಷ್ಟ. ನಿಮ್ಮ ತಪ್ಪನ್ನು ತನ್ನದೆಂದು ಹೊತ್ತು ಕೂರುವುದು ಮಾತ್ರ ಬೇಡ.

ಇಂತಿ,
ನಿಮ್ಮ ಪರೀಕ್ಷೆಯಲ್ಲಿ ಫೇಲಾಗಿ, ಈಗ ಅದಕ್ಕಾಗಿ ಒಳಗೊಳಗೇ ಸಮಾಧಾನಪಡುತ್ತಿರುವ ಅಭ್ಯರ್ಥಿ,
ಭರತೇಶ್
ಕಾಟ್ಟಿಕುಳಂ, ವಯನಾಡು